ಮನೆಯ ಪ್ರಶ್ನೆಯನ್ನು ತರಗತಿಗೆ ತಂದವರು

2025ರ ಜುಲೈ 23ರಂದು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ ಹವಾಮಾನ ಬದಲಾವಣೆಯ ಕುರಿತು ತನ್ನ ಸಲಹಾ ಅಭಿಪ್ರಾಯವನ್ನು ಪ್ರಕಟಿಸಿತು. ಹದಿನೈದು ನ್ಯಾಯಮೂರ್ತಿಗಳೂ ಒಮ್ಮತದಿಂದ ಹೇಳಿದ ಮಾತು ಇದು: ಭೂಮಿಯ ಹವಾಮಾನವನ್ನು ಹಾನಿಯಿಂದ ಕಾಪಾಡುವುದು ಪ್ರತಿಯೊಂದು ರಾಷ್ಟ್ರದ ಕಾನೂನುಬದ್ಧ ಕರ್ತವ್ಯ, ಅದನ್ನು ಕಡೆಗಣಿಸಿದರೆ ಕಾನೂನಿನ ಪರಿಣಾಮಗಳನ್ನು ಎದುರಿಸಬೇಕಾಗುತ್ತದೆ. ತೀರ್ಪಿನ ಸುದ್ದಿ ನಮ್ಮಲ್ಲಿಯೂ ಪ್ರಕಟವಾಯಿತು. ಆದರೆ ಆ ಪ್ರಶ್ನೆ ಮೊದಲು ಹುಟ್ಟಿದ್ದು ಎಲ್ಲಿ ಎಂಬುದರ ಕಡೆ ಹೆಚ್ಚಿನವರ ಗಮನ ಹೋಗಲಿಲ್ಲ. ಪೆಸಿಫಿಕ್ ಮಹಾಸಾಗರದ ಪುಟ್ಟ ದೇಶ ವನುವಾಟು. ಅದರ ರಾಜಧಾನಿ ಪೋರ್ಟ್ ವಿಲಾದ ಕಾನೂನು ತರಗತಿಯೊಂದರಲ್ಲಿ 2019ರಲ್ಲಿ ಕುಳಿತಿದ್ದ 27 ವಿದ್ಯಾರ್ಥಿಗಳು ಆ ಪ್ರಶ್ನೆಯನ್ನು ಎತ್ತಿದವರು.

ಕಾಲೇಜಿನಲ್ಲಿ ಮೂರು ದಶಕ ಪಾಠ ಹೇಳಿ ನಿವೃತ್ತನಾದ ನನಗೆ ತೀರ್ಪಿಗಿಂತಲೂ ಹೆಚ್ಚು ಕುತೂಹಲ ಹುಟ್ಟಿಸಿದ್ದು ಈ ತರಗತಿ. ಪರಿಸರ ಚಟುವಟಿಕೆಯ ಹೆಸರಿನಲ್ಲಿ ನಮ್ಮ ಕಾಲೇಜುಗಳಲ್ಲಿ ನಡೆಯುವುದನ್ನು ನಾನು ಹತ್ತಿರದಿಂದ ಬಲ್ಲೆ. ಜೂನ್ 5ರಂದು ಅತಿಥಿಗಳು ಸಸಿಯೊಂದಕ್ಕೆ ನೀರೆರೆಯುತ್ತಾರೆ, ಫೋಟೊ ತೆಗೆಯಲಾಗುತ್ತದೆ. ಎನ್‌ಎಸ್‌ಎಸ್ ಶಿಬಿರದಲ್ಲಿ ಹುಡುಗರು ಒಂದು ವಾರ ಹಳ್ಳಿಯ ಚರಂಡಿಯನ್ನು ಸ್ವಚ್ಛಗೊಳಿಸಿ ಬರುತ್ತಾರೆ. ಇವು ಕೆಟ್ಟ ಕೆಲಸಗಳೇನಲ್ಲ. ಆದರೆ ಆ ಚರಂಡಿ ಕಟ್ಟಿಕೊಂಡದ್ದೇಕೆ ಎಂಬ ಪ್ರಶ್ನೆಯನ್ನು ಶಿಬಿರದಿಂದ ಮರಳಿದ ಮೇಲೆ ತರಗತಿಯಲ್ಲಿ ಯಾರೂ ಕೇಳುವುದಿಲ್ಲ.

ಪೋರ್ಟ್ ವಿಲಾದ ಆ ಕಾನೂನು ಶಾಲೆ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು. 1968ರಲ್ಲಿ ಆರಂಭವಾದ ಈ ವಿಶ್ವವಿದ್ಯಾಲಯಕ್ಕೆ ಒಂದು ದೇಶವೆಂಬುದಿಲ್ಲ. ಫಿಜಿ, ಟೊಂಗಾ, ಸಮೋವಾ, ಕಿರಿಬಾಟಿ, ತುವಾಲು, ಸಾಲೊಮನ್ ದ್ವೀಪಗಳು ಮೊದಲಾದ ಹನ್ನೆರಡು ದ್ವೀಪನಾಡುಗಳು ಸೇರಿ ಅದನ್ನು ನಡೆಸುತ್ತವೆ. ಮುಖ್ಯ ಆವರಣ ಫಿಜಿಯ ರಾಜಧಾನಿ ಸುವಾದಲ್ಲಿದೆ. ಇಲ್ಲಿ ಓದುವವರಲ್ಲಿ ಬಹುಮಂದಿಗೆ ಸಮುದ್ರವೆಂದರೆ ಅನ್ನ ಕೊಡುವ ಹೊಲ. ರಜೆಗೆ ಊರಿಗೆ ಹೋದರೆ ಕಣ್ಣಿಗೆ ಬೀಳುವುದು ಅದೇ ಹೊಲದ ಸ್ಥಿತಿ. ಈ ಸಂಸ್ಥೆಯ ಒಳ್ಳೆಯ ಕೆಲಸಗಳೆಲ್ಲ ಇಂತಹ ವಿದ್ಯಾರ್ಥಿಗಳು ಊರಿನಿಂದ ಹೊತ್ತು ತಂದ ಪ್ರಶ್ನೆಗಳಿಂದ ಆರಂಭವಾದವು ಎಂಬುದು ನನ್ನ ತಿಳಿವಳಿಕೆ. ಎರಡು ನಿದರ್ಶನಗಳನ್ನು ನೋಡೋಣ.

ಮೊದಲನೆಯದು ಫಿಜಿಯ ವೆರಾಟಾ ಪ್ರಾಂತದ ಉದುನಿವನುವಾ ಎಂಬ ಕರಾವಳಿ ಹಳ್ಳಿಯದು. ಅಲ್ಲಿನ ಜನರ ಆಹಾರಕ್ಕೂ ಆದಾಯಕ್ಕೂ ಆಧಾರವಾಗಿದ್ದುದು ‘ಕೈಕೋಸೊ’ ಎಂಬ ಕಪ್ಪೆಚಿಪ್ಪು. ನಮ್ಮ ಕರಾವಳಿಯವರು ಮರುವಾಯಿ, ಬಳಚು ಎಂದು ಕರೆಯುವ ಚಿಪ್ಪುಗಳ ಜಾತಿಯದು. ಇಳಿತದ ಹೊತ್ತಿನಲ್ಲಿ ಕೆಸರಿನಿಂದ ಅದನ್ನು ಆಯ್ದು ತರುವವರು ಹೆಂಗಸರು. 1990ರ ದಶಕದ ಹೊತ್ತಿಗೆ ದೊಡ್ಡ ಗಾತ್ರದ ಚಿಪ್ಪು ಸಿಗುವುದೇ ಅಪರೂಪವಾಗಿ, ಚೀಲ ತುಂಬಲು ಹೆಂಗಸರು ಬಹಳ ಹೊತ್ತು ಹುಡುಕಬೇಕಾಯಿತು. ಸುವಾದಲ್ಲಿ ಓದುತ್ತಿದ್ದ ಆ ಊರ ಮುಖ್ಯಸ್ಥರ ಮಗ ಈ ಸಂಕಟವನ್ನು ತನ್ನ ಅಧ್ಯಾಪಕರ ಮುಂದಿಟ್ಟ.

ಅಧ್ಯಾಪಕರು ತಾವೇ ಹೋಗಿ ಅಳೆದು ವರದಿ ಬರೆಯಬಹುದಿತ್ತು. ಹಾಗೆ ಮಾಡದೆ, ಎಣಿಸುವ ವಿದ್ಯೆಯನ್ನು ಊರಿನವರಿಗೆ ಕಲಿಸಿದರು. ಸಮುದ್ರದಲ್ಲಿ ಗೆರೆ ಗುರುತಿಸಿ, ಗೊತ್ತುಪಡಿಸಿದ ಚೌಕಗಳಲ್ಲಿ ಎಷ್ಟು ಚಿಪ್ಪುಗಳಿವೆ, ಅವುಗಳ ಗಾತ್ರವೆಷ್ಟು ಎಂದು ಗಂಡಸರು ಹೆಂಗಸರು ಕೂಡಿಯೇ ಲೆಕ್ಕ ಹಾಕಿದರು. 1997ರಲ್ಲಿ ಊರಿನ ಮುಂದಿನ 24 ಹೆಕ್ಟೇರ್ ಜಾಗದಲ್ಲಿ ಚಿಪ್ಪು ತೆಗೆಯುವುದನ್ನು ನಿಷೇಧಿಸಲಾಯಿತು. ಈ ನಿಷೇಧಕ್ಕೆ ಅವರ ಹೆಸರು ‘ತಂಬು’. ಊರ ಮುಖ್ಯಸ್ಥರು ತೀರಿಕೊಂಡಾಗ ನೂರು ದಿನ ಮೀನು ಹಿಡಿಯದಿರುವ ಹಳೆಯ ಸಂಪ್ರದಾಯವೇ ಇಲ್ಲಿ ಹೊಸ ಕೆಲಸಕ್ಕೆ ಬಂತು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನನ್ನು ಮುಟ್ಟದ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಕೆಲವೇ ವರ್ಷಗಳಲ್ಲಿ ನಿಷೇಧಿತ ಜಾಗದಲ್ಲಿ ಚಿಪ್ಪುಗಳ ಸಂಖ್ಯೆ ಹಲವು ಪಟ್ಟು ಏರಿತು. ಅಲ್ಲಿಂದ ಹೊರಬಿದ್ದ ಮರಿಗಳು ಪಕ್ಕದ ನೀರಿನಲ್ಲಿ ನೆಲೆಯೂರಿದ್ದರಿಂದ ಅಲ್ಲಿಯ ಇಳುವರಿಯೂ ಹೆಚ್ಚಿತು. ಸುಧಾರಿಸಿದ್ದನ್ನು ತಾವೇ ಎಣಿಸಿ ಕಂಡಿದ್ದರಿಂದ ಊರಿನವರಿಗೆ ಅದರಲ್ಲಿ ಸಂಶಯವಿರಲಿಲ್ಲ. ನೆರೆಯ ಹಳ್ಳಿಗಳವರೂ ಈ ಕ್ರಮವನ್ನು ಅನುಸರಿಸಿದರು. ಹೀಗೆ ಬೆಳೆದ ಫಿಜಿಯ ಸ್ಥಳೀಯ ಸಾಗರ ನಿರ್ವಹಣಾ ಜಾಲಕ್ಕೆ 2002ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ‘ಇಕ್ವೇಟರ್’ ಪ್ರಶಸ್ತಿ ಬಂತು.

ಆದರೆ ಊರಿನ ನಿಷೇಧ ಊರಿನವರ ಕೈಯನ್ನಷ್ಟೇ ತಡೆಯಬಲ್ಲದು. ಸಾವಿರಾರು ಮೈಲಿ ದೂರದ ಹೊಗೆಕೊಳವೆಗಳಿಂದ ಕಾಯುತ್ತಿರುವ ಸಾಗರಕ್ಕೆ ‘ತಂಬು’ ಹಾಕುವವರು ಯಾರು? ಎರಡನೆಯ ನಿದರ್ಶನ ಆರಂಭವಾಗುವುದು ಈ ಪ್ರಶ್ನೆಯಿಂದ.

2015ರ ಮಾರ್ಚ್‌ನಲ್ಲಿ ‘ಪಾಮ್’ ಚಂಡಮಾರುತ ವನುವಾಟುವನ್ನು ಅಪ್ಪಳಿಸಿದಾಗ ಆದ ನಷ್ಟ ದೇಶದ ಒಟ್ಟು ವಾರ್ಷಿಕ ಉತ್ಪನ್ನದ ಅರ್ಧಕ್ಕಿಂತಲೂ ಹೆಚ್ಚಾಗಿತ್ತು. ನಾಲ್ಕು ವರ್ಷಗಳ ನಂತರ ಪೋರ್ಟ್ ವಿಲಾದ ಅಂತರರಾಷ್ಟ್ರೀಯ ಪರಿಸರ ಕಾನೂನಿನ ತರಗತಿಯಲ್ಲಿ, ಹವಾಮಾನ ನ್ಯಾಯಕ್ಕಾಗಿ ಕಾನೂನಿನಲ್ಲಿ ಲಭ್ಯವಿರುವ ಅತ್ಯಂತ ಪರಿಣಾಮಕಾರಿ ದಾರಿ ಯಾವುದೆಂಬ ಚರ್ಚೆ ನಡೆಯಿತು. ವಿದ್ಯಾರ್ಥಿಗಳು ಆಯ್ದುಕೊಂಡದ್ದು ಅಂತರರಾಷ್ಟ್ರೀಯ ನ್ಯಾಯಾಲಯದ ಸಲಹಾ ಅಭಿಪ್ರಾಯದ ದಾರಿಯನ್ನು. ಅದು ಹೊಸ ಯೋಚನೆಯೇನೂ ಆಗಿರಲಿಲ್ಲ. 2011ರಲ್ಲಿ ಪಲಾವು ಎಂಬ ಮತ್ತೊಂದು ದ್ವೀಪರಾಷ್ಟ್ರ ಇದೇ ಪ್ರಯತ್ನಕ್ಕೆ ಕೈಹಾಕಿ ಸಾಕಷ್ಟು ಬೆಂಬಲ ಸಿಗದೆ ಕೈಬಿಟ್ಟಿತ್ತು. ಹಿರಿಯರು ನಿಲ್ಲಿಸಿದ ಜಾಗದಿಂದ ವಿದ್ಯಾರ್ಥಿಗಳು ಮುಂದುವರಿದರು.

‘ಹವಾಮಾನ ಬದಲಾವಣೆಯ ವಿರುದ್ಧ ಹೋರಾಡುವ ಪೆಸಿಫಿಕ್ ದ್ವೀಪಗಳ ವಿದ್ಯಾರ್ಥಿಗಳು’ ಎಂಬ ಸಂಘಟನೆ ಕಟ್ಟಿ, ದ್ವೀಪದೇಶಗಳ ಸರ್ಕಾರಗಳಿಗೆ ಪತ್ರ ಬರೆದರು. ವನುವಾಟು ಸರ್ಕಾರ ಅದಕ್ಕೆ ಸ್ಪಂದಿಸಿತು. ಸಚಿವ ರಾಲ್ಫ್ ರೆಗೆನ್ವಾನು ರಾಜತಾಂತ್ರಿಕ ಹೊಣೆಯನ್ನೂ, ಗುವಾಮ್ ದ್ವೀಪದ ವಕೀಲ ಜೂಲಿಯನ್ ಅಗ್ವಾನ್ ಕಾನೂನಿನ ಹೊಣೆಯನ್ನೂ ಹೊತ್ತರು. ಕೊರೊನಾ ಕಾಲದಲ್ಲಿ ದ್ವೀಪಗಳ ಗಡಿಗಳು ಮುಚ್ಚಿದ್ದರೂ ವಿದ್ಯಾರ್ಥಿಗಳ ಪ್ರಚಾರ ನಿಲ್ಲಲಿಲ್ಲ. 2023ರ ಮಾರ್ಚ್ ಮೊದಲ ವಾರದಲ್ಲಿ ‘ಜೂಡಿ’ ಮತ್ತು ‘ಕೆವಿನ್’ ಎಂಬ ಎರಡು ಚಂಡಮಾರುತಗಳು ಒಂದರ ಹಿಂದೊಂದರಂತೆ ವನುವಾಟುವಿನ ಮೇಲೆರಗಿದವು. ಅದೇ ತಿಂಗಳ 29ರಂದು ವಿಶ್ವಸಂಸ್ಥೆಯ ಮಹಾಸಭೆ ಈ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಒಪ್ಪಿಸುವ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿತು. 2024ರ ಡಿಸೆಂಬರ್‌ನಲ್ಲಿ ನಡೆದ ವಿಚಾರಣೆಯಲ್ಲಿ 96 ರಾಷ್ಟ್ರಗಳು ವಾದ ಮಂಡಿಸಿದವು. ಸಂಘಟನೆಯ ಅಧ್ಯಕ್ಷೆ, ಸಾಲೊಮನ್ ದ್ವೀಪಗಳ ಸಿಂಥಿಯಾ ಹೌನಿಯುಹಿ ನ್ಯಾಯಪೀಠದ ಎದುರು ನಿಂತು ಮಾತನಾಡಿದರು.

ಮಾಲಿನ್ಯಕ್ಕೆ ಹೆಚ್ಚು ಕಾರಣವಾದ ದೇಶಗಳು, ಹವಾಮಾನ ಒಪ್ಪಂದಗಳನ್ನು ಬಿಟ್ಟು ಬೇರೆ ಕಾನೂನನ್ನು ಇಲ್ಲಿ ತರಕೂಡದೆಂದು ವಾದಿಸಿದ್ದವು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ನೆರೆಯವರಿಗೆ ಹಾನಿಯಾಗದಂತೆ ನಡೆದುಕೊಳ್ಳಬೇಕೆಂಬ ರೂಢಿಗತ ಅಂತರರಾಷ್ಟ್ರೀಯ ಕಾನೂನು, ಸಾಗರ ಕಾನೂನು, ಮಾನವ ಹಕ್ಕುಗಳ ಕಾನೂನು ಎಲ್ಲವೂ ಅನ್ವಯಿಸುತ್ತವೆ ಎಂದಿತು. ಕಲ್ಲಿದ್ದಲು, ತೈಲಗಳ ಉತ್ಪಾದನೆಗೆ ಪರವಾನಗಿ ಕೊಡುವುದು, ಸಬ್ಸಿಡಿ ನೀಡುವುದು ಸಹ ತಪ್ಪೆನಿಸಬಹುದು ಎಂದಿತು. ತಪ್ಪಿಗೂ ಹಾನಿಗೂ ಸಂಬಂಧ ಸಾಬೀತಾದರೆ ಪರಿಹಾರ ಕೊಡಬೇಕಾಗುತ್ತದೆ ಎಂದಿತು. ನೆಲ ಮುಳುಗಿದ ಮಾತ್ರಕ್ಕೆ ಒಂದು ರಾಷ್ಟ್ರ ರಾಷ್ಟ್ರವಾಗಿ ಉಳಿಯದೆಂದು ಹೇಳಲಾಗದು ಎಂಬ ಮಾತನ್ನೂ ಸೇರಿಸಿತು.

ಸಲಹಾ ಅಭಿಪ್ರಾಯವನ್ನು ಬಲವಂತದಿಂದ ಜಾರಿ ಮಾಡಲಾಗದು ಎಂಬುದು ನಿಜ. ಅದು ಬಂದ ಮಾತ್ರಕ್ಕೆ ಕಡಲು ಹಿಂದೆ ಸರಿಯುವುದೂ ಇಲ್ಲ. ಹನ್ನೊಂದು ಸಾವಿರದಷ್ಟು ಜನರಿರುವ ತುವಾಲು ತನ್ನ ಪ್ರಜೆಗಳಿಗಾಗಿ ಆಸ್ಟ್ರೇಲಿಯಾದೊಡನೆ ಒಪ್ಪಂದ ಮಾಡಿಕೊಂಡಿದೆ. ವರ್ಷಕ್ಕೆ 280 ಮಂದಿ ಅಲ್ಲಿ ಹೋಗಿ ನೆಲೆಸಬಹುದು. 2025ರಲ್ಲಿ ಚೀಟಿ ಎತ್ತಲು ಮೊದಲ ಸಲ ಹೆಸರು ಕರೆದಾಗ ದೇಶದ ಅರ್ಧಕ್ಕಿಂತ ಹೆಚ್ಚು ಜನ ನೋಂದಾಯಿಸಿಕೊಂಡರು. ಹೆಸರು ಕೊಟ್ಟವರಿಗೆಲ್ಲ ಊರು ಬೇಡವಾಗಿದೆ ಎಂದಲ್ಲ. ಮಕ್ಕಳ ಕಾಲಕ್ಕೆ ಒಂದು ದಾರಿ ತೆರೆದಿರಲಿ ಎಂಬ ಮುಂದಾಲೋಚನೆಯೂ ಅದರಲ್ಲಿರಬಹುದು. ಇಂತಹ ಹೊತ್ತಿನಲ್ಲಿ ‘ನಿಮ್ಮ ದೇಶ ಅಳಿಯುವುದಿಲ್ಲ, ನಿಮಗಾದ ಹಾನಿಗೆ ಹೊಣೆಗಾರರಿದ್ದಾರೆ’ ಎಂಬ ನ್ಯಾಯಾಲಯದ ಮಾತು ದ್ವೀಪವಾಸಿಗಳ ಕೈಗೆ ಸಿಕ್ಕ ಆಧಾರ. ಮುಂದಿನ ಸಂಧಾನಗಳಲ್ಲಿ, ದೇಶ ದೇಶಗಳ ನ್ಯಾಯಾಲಯಗಳಲ್ಲಿ ಅದನ್ನು ಮುಂದಿಟ್ಟು ವಾದಿಸಬಹುದು.

ಹೇಗ್‌ನಲ್ಲಿ ಭಾರತವೂ ವಾದ ಮಂಡಿಸಿತು. ಹೊಗೆ ಉಗುಳಿ ಶ್ರೀಮಂತವಾದ ರಾಷ್ಟ್ರಗಳೇ ಮೊದಲ ಹೊಣೆ ಹೊರಬೇಕು, ಒಪ್ಪಂದಗಳಲ್ಲಿ ಈಗಾಗಲೇ ಇರುವುದಕ್ಕಿಂತ ಹೆಚ್ಚಿನ ಬಾಧ್ಯತೆಯನ್ನು ನ್ಯಾಯಾಲಯ ಸೃಷ್ಟಿಸಬಾರದು ಎಂಬುದು ನಮ್ಮ ನಿಲುವು. ಅದರ ಮೊದಲ ಭಾಗ ನ್ಯಾಯವಾದದ್ದು. ಎರಡನೆಯ ಭಾಗ ಮಾತ್ರ ನನಗೆ ಸಮಾಧಾನ ತಂದಿಲ್ಲ. ಹವಳದ ದಿಬ್ಬಗಳ ಮೇಲೆ ನಿಂತಿರುವ ಲಕ್ಷದ್ವೀಪ ನಮ್ಮದೇ ನೆಲ. ಅಲ್ಲಿನವರ ಅಳಲು ತುವಾಲುವಿನವರ ಅಳಲಿಗಿಂತ ಬೇರೆಯಾಗಲಾರದು.

ಇನ್ನು ನಮ್ಮ ಕಾಲೇಜುಗಳ ಮಾತು. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ನೀಡಿದ ಆದೇಶದ ಫಲವಾಗಿ ಎಲ್ಲ ಪದವಿ ತರಗತಿಗಳಿಗೂ ಪರಿಸರ ಅಧ್ಯಯನದ ಕಡ್ಡಾಯ ಪಠ್ಯ ಬಂತು. ಯುಜಿಸಿ ಆಗ ರೂಪಿಸಿದ 50 ಉಪನ್ಯಾಸಗಳ ಪಠ್ಯಕ್ರಮದಲ್ಲಿ 5 ಉಪನ್ಯಾಸಗಳ ಅವಧಿಯನ್ನು ಕ್ಷೇತ್ರಕಾರ್ಯಕ್ಕೆ ಮೀಸಲಿಡಲಾಗಿತ್ತು. ಹತ್ತಿರದ ನದಿ, ಕಾಡು, ಮಲಿನಗೊಂಡ ಸ್ಥಳಗಳಿಗೆ ಹೋಗಿ ದಾಖಲಿಸಬೇಕೆಂಬುದು ಅದರ ಆಶಯ. ನಾನು ಮೌಲ್ಯಮಾಪನ ಮಾಡಿದ ವರದಿಗಳಲ್ಲಿ ಬಹುಪಾಲು ಹಿಂದಿನ ವರ್ಷದ ವರದಿಗಳ ನಕಲುಗಳಾಗಿದ್ದವು. ಹೆಸರು, ನೋಂದಣಿ ಸಂಖ್ಯೆ ಮಾತ್ರ ಹೊಸವು. ಇದಕ್ಕೆ ವಿದ್ಯಾರ್ಥಿಗಳನ್ನಷ್ಟೇ ದೂರಲಾಗದು. ಅವರ ವರದಿಯನ್ನು ಯಾರಾದರೂ ಉಪಯೋಗಿಸುತ್ತಾರೆ ಎಂಬ ನಂಬಿಕೆಯನ್ನು ನಾವು ಹುಟ್ಟಿಸಿರಲಿಲ್ಲ.

ಹೊಸ ಯೋಜನೆಯಾಗಲಿ ಅನುದಾನವಾಗಲಿ ಇದಕ್ಕೆ ಬೇಕಿಲ್ಲ. ಕೋಲಾರದ ಕಾಲೇಜಿಗೆ ಬರುವ ಹುಡುಗಿಗೆ ತನ್ನ ಮನೆಯ ಕೊಳವೆಬಾವಿ ಎಷ್ಟು ಆಳಕ್ಕೆ ಹೋಗಿದೆ ಎಂಬುದು ಗೊತ್ತಿದೆ. ಉಳ್ಳಾಲದ ಕಡಲತಡಿಯಿಂದ ಬರುವ ಹುಡುಗನಿಗೆ ಹೋದ ಮಳೆಗಾಲದಲ್ಲಿ ಎಷ್ಟು ತೆಂಗಿನ ಮರಗಳು ಅಲೆಯ ಪಾಲಾದವೆಂಬುದು ಗೊತ್ತಿದೆ. ಆ ತಿಳಿವಳಿಕೆಯೇ ಕ್ಷೇತ್ರಕಾರ್ಯದ ಮೊದಲ ಪುಟವಾಗಲಿ. ಅವರು ಎಣಿಸಿದ್ದು ವರ್ಷದಿಂದ ವರ್ಷಕ್ಕೆ ಕಾಲೇಜಿನ ದಾಖಲೆಯಲ್ಲಿ ಉಳಿಯಲಿ, ಅದರ ಒಂದು ಪ್ರತಿ ಗ್ರಾಮ ಪಂಚಾಯಿತಿಗೂ ತಲುಪಲಿ. ಅದು ಹೇಗ್‌ವರೆಗೆ ಹೋಗಬೇಕೆಂದೇನೂ ಇಲ್ಲ. ಪಂಚಾಯಿತಿಯ ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಅದನ್ನು ಎತ್ತಿ ಓದಿದರೂ ಅಧ್ಯಾಪಕನಾಗಿದ್ದ ನನಗೆ ಸಮಾಧಾನ.