ಮಂದಿಯ ಮುಂದೆ ಹಾಡಿದ ಮನಸೂರರು

ಹಿಂದುಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರ ಗಾಯನವನ್ನು ಎಲ್ಲಿಂದ ಕೇಳಲು ಶುರುಮಾಡಲಿ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ಬೈಠಕ್ಕಿನ, ಅಂದರೆ ಮಂದಿಯ ಎದುರು ಕೂತು ಹಾಡಿದ ಕಛೇರಿಯ, ಧ್ವನಿಮುದ್ರಣಗಳಿಂದ ಶುರುಮಾಡಿರಿ. ಅವರ ಸಂಗೀತದ ಪೂರ್ತಿ ರೂಪ ಇರುವುದು ಅಲ್ಲಿ.

1930ರ ದಶಕದಲ್ಲಿಯೇ ಮನಸೂರರ ಗ್ರಾಮೊಫೋನ್ ತಟ್ಟೆಗಳು ಬಂದಿದ್ದವು. ಆದರೆ ಆ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಮೂರು, ಮೂರೂವರೆ ನಿಮಿಷ. ಅಷ್ಟರಲ್ಲೇ ಸ್ಥಾಯಿ, ಅಂತರಾ, ನಾಲ್ಕು ತಾನು ಎಲ್ಲವೂ ಮುಗಿಯಬೇಕು. ಅದೇ ಗಾಯಕರು ಬೈಠಕ್ಕಿನಲ್ಲಿ ಅದೇ ರಾಗ ಹಿಡಿದರೆ ಮುಕ್ಕಾಲು ತಾಸು ಕೂಡ ಸಾಲದು. ಖ್ಯಾಲ್ ಗಾಯನದಲ್ಲಿ ಚೀಜಿನ, ಅಂದರೆ ಕಟ್ಟಿಟ್ಟ ಹಾಡಿನ, ಎರಡು ಸಾಲು ಮಾತ್ರ ಮೊದಲೇ ಗೊತ್ತಿರುತ್ತದೆ. ಉಳಿದದ್ದೆಲ್ಲ ಆ ಹೊತ್ತಿನಲ್ಲಿ, ಆ ಮಂದಿಯ ಎದುರು ಹುಟ್ಟಬೇಕು. ಆದ್ದರಿಂದ ಒಂದೊಂದು ಕಛೇರಿಯೂ ಒಂದೊಂದು ಹೊಸ ಕೃತಿ.

ಧಾರವಾಡದಿಂದ ಸಾಲಹಳ್ಳಿಗೆ

ಧಾರವಾಡದ ಹತ್ತಿರದ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಇವರು ನೀಲಕಂಠ ಬುವಾ ಮಿರಜಕರರಲ್ಲಿ ಗ್ವಾಲಿಯರ್ ಗಾಯನ ಶೈಲಿ ಕಲಿತರು. ಮುಂದೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರಿಂದ ಜೈಪುರ-ಅತ್ರೌಲಿ ಘರಾಣೆಯ ವಿದ್ಯೆ ಪಡೆದರು. ಅಪರೂಪದ ಜೋಡು ರಾಗಗಳು ಈ ಘರಾಣೆಯ ಸ್ವತ್ತು.

ನಮ್ಮ ಸಾಲಹಳ್ಳಿ, ರಾಮದುರ್ಗದ ಸೀಮೆಗೆ ಈ ದನಿ ಬಂದದ್ದು ಧಾರವಾಡ ಆಕಾಶವಾಣಿಯಿಂದ. 1950ರ ಜನವರಿಯಲ್ಲಿ ಶುರುವಾದ ಆ ನಿಲಯ ರಾಗದ ಹೆಸರೂ ಕೇಳದ ಮನೆಗಳಿಗೆ ಹಿಂದುಸ್ತಾನಿ ಸಂಗೀತವನ್ನು ತಲುಪಿಸಿತು. ಬಸವಣ್ಣ, ಅಕ್ಕಮಹಾದೇವಿಯರ ವಚನಗಳನ್ನು ಮನಸೂರರು ಹಾಡಿದ್ದರಿಂದ ಅವರು ಭಜನಾ ಮಂದಿಗೂ ಹತ್ತಿರದವರಾದರು. ವಚನದ ಹಾದಿಯಲ್ಲೇ ಖ್ಯಾಲಿಗೆ ಬಂದ ಕೇಳುಗರಲ್ಲಿ ನಾನೂ ಒಬ್ಬ.

ನನಗೆ ಹಿಡಿಸಿದವು

ಮೊದಲನೆಯದು ಶಿವಮತ ಭೈರವ. ಭೈರವದ ಗಾಂಭೀರ್ಯದ ನಡುವೆ ಕೋಮಲ ಗಾಂಧಾರ, ಕೋಮಲ ನಿಷಾದಗಳು ಸುಳಿದು ಹೋಗುವ ಮುಂಜಾವಿನ ರಾಗ ಇದು. ಹಾಗೆ ಸುಳಿದಾಗ ಕೂತವರ ಬಾಯಿಂದ ಹೊರಡುವ ‘ಆಹಾ’ ಕೂಡ ಟೇಪಿನಲ್ಲಿದೆ. ಮರುಕ್ಷಣವೇ ಮನಸೂರರು ಅದೇ ಜಾಗಕ್ಕೆ ಬೇರೊಂದು ದಾರಿಯಿಂದ ಬರುತ್ತಾರೆ. ಕೇಳುಗ ಹಾಡುಗಾರನಿಂದ ಏನನ್ನು ಹೊರಡಿಸಬಲ್ಲ ಎಂಬುದು ಅಲ್ಲಿ ಕಿವಿಗೇ ಗೊತ್ತಾಗುತ್ತದೆ.

ಎರಡನೆಯದು ಬಸಂತಿ ಕೇದಾರ. ಬಸಂತದ ಕೋಮಲ ರಿಷಭ, ಕೇದಾರದ ಶುದ್ಧ ಮಧ್ಯಮ ಒಂದೇ ತಾನಿನೊಳಗೆ ಬರುತ್ತವೆ, ಬೆಸುಗೆಯ ಗುರುತೇ ಇಲ್ಲದೆ.

ಮೂರನೆಯದು ನಟಬಿಹಾಗ. ಇದನ್ನು ಎರಡು ಬೇರೆ ಕಛೇರಿಗಳಿಂದ ಆರಿಸಿ ಒಂದರ ಹಿಂದೊಂದು ಕೇಳಬೇಕು. ಚೀಜು ಒಂದೇ, ತೀನ್‌ತಾಲದ ಹದಿನಾರು ಮಾತ್ರೆಗಳೂ ಅವೇ. ಆದರೆ ಸಮ್‌ಗೆ (ತಾಳದ ಮೊದಲ ಮಾತ್ರೆಗೆ) ಬಂದು ಸೇರುವ ದಾರಿ ಪ್ರತಿ ಆವರ್ತನಕ್ಕೂ ಬೇರೆ. ಇನ್ನೇನು ತಪ್ಪಿತು ಎನ್ನುವಾಗ ಉಸಿರು ಕಟ್ಟಿ ಹಿಡಿದ ತಾನು ಸಮ್‌ ಮೇಲೆ ನೇರ ಬಂದು ಕೂಡುತ್ತದೆ.

ಕೇಳುಗರೇ ಕಾಪಿಟ್ಟರು

ಈ ಸಂಪತ್ತಿನ ಬಹುಪಾಲು ಉಳಿದದ್ದು ಆಕಾಶವಾಣಿಯಿಂದ ಮತ್ತು ರಸಿಕರಿಂದ. ಸ್ಪೂಲ್ ಟೇಪು, ಆಮೇಲೆ ಕ್ಯಾಸೆಟ್ಟು. 90 ನಿಮಿಷದ ಕ್ಯಾಸೆಟ್ಟಿನ ಒಂದು ಬದಿ 45ಕ್ಕೆ ಮುಗಿಯುತ್ತದೆ. ತಿರುವಿ ಹಾಕುವಷ್ಟರಲ್ಲಿ ಒಂದು ತಾನು ಹೋಗಿರುತ್ತದೆ. ಆದರೂ ಪ್ರತಿಯಿಂದ ಪ್ರತಿ ಮಾಡಿ ಊರಿಂದೂರಿಗೆ ಹಂಚಿದರು. ಅಮೆರಿಕದ ಗ್ರೇಟ್‌ಫುಲ್ ಡೆಡ್ ರಾಕ್ ತಂಡದ ಅಭಿಮಾನಿಗಳು ಮಾಡಿದ್ದೂ ಇದನ್ನೇ. ಆ ತಂಡವೂ ವೇದಿಕೆಯ ಮೇಲೆಯೇ ಹಾಡನ್ನು ಬೆಳೆಸುತ್ತಿತ್ತು. 1984ರಲ್ಲಿ ಧ್ವನಿಮುದ್ರಿಸಿಕೊಳ್ಳುವವರಿಗೆಂದೇ ಸಭೆಯಲ್ಲಿ ಪ್ರತ್ಯೇಕ ಜಾಗ ಮಾಡಿಕೊಟ್ಟಿತು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅವರು ನಡೆಸಿದ ಕಛೇರಿಯ ಧ್ವನಿಮುದ್ರಣ ಇಂದು ಆ ದೇಶದ ರಾಷ್ಟ್ರೀಯ ಸಂಗ್ರಹದಲ್ಲಿದೆ.

ನಮ್ಮ ಭಾಗದ ಟ್ರಂಕುಗಳಲ್ಲಿ ಅಂಥ ಕ್ಯಾಸೆಟ್ಟುಗಳು ಇನ್ನೂ ಇವೆ. ಟೇಪಿನ ಪಟ್ಟಿಗೆ ಬೂಸರು ಹಿಡಿದಿದ್ದರೆ ಅವಸರದಿಂದ ಪ್ಲೇಯರಿಗೆ ಹಾಕಬೇಡಿ, ಬಲ್ಲವರಿಂದ ಸ್ವಚ್ಛ ಮಾಡಿಸಿರಿ. ಕಂಪ್ಯೂಟರಿಗೆ ಇಳಿಸುವಾಗ ಮೊದಲು ಕುಗ್ಗಿಸದ ವೇವ್ ಕಡತ ಮಾಡಿಕೊಳ್ಳಿ. ಮೊಬೈಲಿಗೆ ಎಂಪಿ3 ಆಮೇಲೆ. ಚಪ್ಪಾಳೆ, ಕೆಮ್ಮು, ತಬಲಾ ಶ್ರುತಿ ಮಾಡುವ ಸದ್ದು ಯಾವುದನ್ನೂ ಕತ್ತರಿಸಬೇಡಿ. ಊರು, ತಾರೀಖು, ಸಾಥಿದಾರರ ಹೆಸರು ಬರೆದಿಡಿ.

ಮನಸೂರರು 1992ರಲ್ಲಿ ತೀರಿಕೊಂಡರು. ಅವರೆದುರು ಕೂತು ಕೇಳಿದವರೂ ಕಡಿಮೆಯಾಗುತ್ತಿದ್ದಾರೆ. ಮುಂದಿನವರಿಗೆ ಆ ಗಾಯನ ಶೈಲಿಯನ್ನು ಕಲಿಸಬಲ್ಲ ಪಾಠ ಈ ಟೇಪುಗಳಲ್ಲಿದೆ. ಹತ್ತಿರದ ಸಂಗೀತ ಶಾಲೆಗೆ ಒಂದು ಪ್ರತಿ ಕೊಡಿ. ಹಾಡು ಕಲಿಯುವ ಹುಡುಗರಿಗೆ ಅದಕ್ಕಿಂತ ದೊಡ್ಡ ದಾನ ಬೇಕಾಗಿಲ್ಲ.