ಪಟ್ಟಣವನ್ನು ಹಾದು ಮೈಸೂರಿಗೆ

ಹತ್ತಿರದ ಊರುಗಳನ್ನು ನಾವು ನೋಡುವುದೇ ಕಡಿಮೆ. ವೇಳಾಂಕಣ್ಣಿಗೆ ಹೋಗಿ ಬಂದ ಕುಟುಂಬಗಳು ನಮ್ಮಲ್ಲಿ ಎಷ್ಟೋ ಇವೆ. ಗೋವೆಯ ಸಂತ ಫ್ರಾನ್ಸಿಸ್ ಝೇವಿಯರರ ದರ್ಶನಕ್ಕೆ ಹೋದವರೂ ಇದ್ದಾರೆ. ಆದರೆ ಮನೆಯಿಂದ ಒಂದು ಗಂಟೆಯ ದಾರಿಯಲ್ಲಿ ನಮ್ಮ ವಿಶ್ವಾಸದ ಚರಿತ್ರೆ ಮಣ್ಣಾಗಿ, ಕಲ್ಲಾಗಿ, ಗೋಪುರವಾಗಿ ನಿಂತಿರುವುದನ್ನು ಎಷ್ಟು ಜನ ಮಕ್ಕಳಿಗೆ ತೋರಿಸಿದ್ದೇವೆ? ಈ ಪ್ರಶ್ನೆಯೇ ನಮ್ಮನ್ನು ಕಳೆದ ತಿಂಗಳು ಮಂಡ್ಯದಿಂದ ಮೈಸೂರಿನತ್ತ ಹೊರಡಿಸಿತು.

ಜೊತೆಗೆ ಬಂದವರು ನಮ್ಮ ನೆರೆಯ ಹಿರಿಯರು. ಮೂಲತಃ ಮಂಗಳೂರಿನ ಕಡೆಯವರು. ಬ್ಯಾಂಕಿನ ಕೆಲಸದ ಮೇಲೆ ಮಂಡ್ಯಕ್ಕೆ ಬಂದು ಇಲ್ಲಿಯೇ ನೆಲೆಸಿ ಮೂವತ್ತು ವರ್ಷಗಳಾದವು. ಈ ಮೂವತ್ತು ವರ್ಷಗಳಲ್ಲಿ ಅವರು ಮೈಸೂರಿಗೆ ನೂರಾರು ಬಾರಿ ಹೋಗಿದ್ದಾರೆ. ಶ್ರೀರಂಗಪಟ್ಟಣದಲ್ಲಿ ಮಾತ್ರ ಒಮ್ಮೆಯೂ ಇಳಿದಿಲ್ಲ. ಅವರ ಅಜ್ಜಿ ಆ ಊರಿನ ಹೆಸರನ್ನು ನಾಲಿಗೆಯ ಮೇಲೆ ತರುತ್ತಿರಲಿಲ್ಲವಂತೆ. ವಿಭೂತಿ ಬುಧವಾರ ಬಂದಿತೆಂದರೆ ದಿನವಿಡೀ ಮೌನ. ಸಂಜೆ ಜಪಮಾಲೆಯಾದ ಮೇಲೆ, ‘ಘಟ್ಟ ಹತ್ತಿಸಿಕೊಂಡು ಹೋದವರಲ್ಲಿ ನಮ್ಮವರು ತಿರುಗಿ ಬಂದದ್ದು ಒಬ್ಬನೇ’ ಎಂಬ ಒಂದೇ ಮಾತು. ಈಚೆಗೆ ಅವರ ಮೊಮ್ಮಗಳು ಶಾಲೆಯ ಪ್ರವಾಸದಲ್ಲಿ ಶ್ರೀರಂಗಪಟ್ಟಣವನ್ನು ನೋಡಿ ಬಂದು, ‘ಅಜ್ಜ, ನಮ್ಮವರು ಇಲ್ಲಿ ಸೆರೆಯಲ್ಲಿದ್ದರಂತೆ, ನಿಜವೇ?’ ಎಂದು ಕೇಳಿದಳು. ಹಿರಿಯರು ಉತ್ತರಿಸಲಿಲ್ಲ. ‘ಏನು ಹೇಳಲಿ? ಹೇಳಿದರೆ ಮಗುವಿನ ಮನಸ್ಸಿನಲ್ಲಿ ವಿಷ ಬಿತ್ತಿದಂತೆ, ಹೇಳದಿದ್ದರೆ ಸತ್ತವರಿಗೆ ದ್ರೋಹ ಬಗೆದಂತೆ’ ಎಂದು ನಮ್ಮಲ್ಲಿ ತೋಡಿಕೊಂಡರು. ‘ಮೊದಲು ಹೋಗಿ ನೋಡೋಣ, ಬನ್ನಿ’ ಎಂದೆವು.

ನಮ್ಮದು ಸ್ಕೂಟರ್ ಪ್ರಯಾಣ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಅದೇ ವರ್ಷದ ಆಗಸ್ಟ್ ಒಂದರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಪಕ್ಕದ ಸರ್ವಿಸ್ ರಸ್ತೆಯೇ ನಮಗೆ ಗತಿ. ಅದೇ ಒಳ್ಳೆಯದಾಯಿತೆನ್ನಬೇಕು. ನಾಲೆಯ ನೀರುಂಡ ಕಬ್ಬಿನ ಗದ್ದೆಗಳನ್ನೂ, ಗಾಡಿಗಳ ಸಾಲನ್ನೂ ನೋಡುತ್ತ, ಸಾವಧಾನವಾಗಿ ಮಾತನಾಡುತ್ತ ಸಾಗಿದೆವು. ಬಾಬುರಾಯನಕೊಪ್ಪಲು ದಾಟುತ್ತಲೇ ಹಿರಿಯರ ಮಾತು ನಿಂತಿತು.

ಕಾವೇರಿಯ ಉತ್ತರದ ಕವಲಿನ ಮೇಲೆ, 1804ರಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಕಟ್ಟಲಾದ ವೆಲ್ಲೆಸ್ಲಿ ಸೇತುವೆಯ ಕಲ್ಲಿನ ಕಂಬಗಳು ಇಂದಿಗೂ ಕಾಣುತ್ತವೆ. ಅದಕ್ಕೂ ಇಪ್ಪತ್ತು ವರ್ಷ ಮೊದಲೇ ನಮ್ಮ ಜನ ಈ ನದಿಯನ್ನು ದಾಟಿ ಒಳಬಂದಿದ್ದರು. ಎರಡನೆಯ ಮೈಸೂರು ಯುದ್ಧದಲ್ಲಿ, 1783ರಲ್ಲಿ, ಇಂಗ್ಲಿಷರು ಮಂಗಳೂರನ್ನು ಹಿಡಿದರು. ಕರಾವಳಿಯ ಕ್ರೈಸ್ತರು ಅವರಿಗೆ ನೆರವಾದರೆಂಬ ಸಂಶಯ ಟಿಪ್ಪು ಸುಲ್ತಾನನಲ್ಲಿ ಬಲಿಯಿತು. 1784ರಲ್ಲಿ ಅವರ ಆಸ್ತಿಪಾಸ್ತಿಗಳನ್ನು ವಶಪಡಿಸಿಕೊಂಡು, ಹೆಂಗಸರು ಮಕ್ಕಳೆನ್ನದೆ ಎಲ್ಲರನ್ನೂ ಘಟ್ಟದ ಮೇಲಕ್ಕೆ ನಡೆಸಲಾಯಿತು. ಅದು ಆರಂಭವಾದದ್ದು ವಿಭೂತಿ ಬುಧವಾರದಂದು ಎಂಬುದು ಪರಂಪರೆಯ ನಂಬಿಕೆ. ಸೆರೆಯಾದವರು 30,000 ಎನ್ನುವವರಿದ್ದಾರೆ, 60,000 ಎನ್ನುವವರಿದ್ದಾರೆ, 80,000 ಎನ್ನುವವರೂ ಇದ್ದಾರೆ, ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ದಾರಿಯಲ್ಲಿ, ಸೆರೆಯಲ್ಲಿ ಬಹಳ ಮಂದಿ ಅಳಿದರೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. 1799ರ ಮೇ 4ರಂದು ಕೋಟೆ ಬಿದ್ದು ಸುಲ್ತಾನನು ಮಡಿದ ಮೇಲೆಯೇ ಉಳಿದವರಿಗೆ ಬಿಡುಗಡೆ.

ದ್ವೀಪದ ಪೂರ್ವಕ್ಕಿರುವ ಗಂಜಾಮಿನಲ್ಲಿ ಗುಂಬಜ್ ಇದೆ. ಹೈದರಾಲಿ, ಆತನ ಪತ್ನಿ ಹಾಗೂ ಟಿಪ್ಪುವಿನ ಸಮಾಧಿಗಳು ಅಲ್ಲಿವೆ. ಹಿರಿಯರು ಹೊರಗೇ ನಿಲ್ಲುವರೆಂದು ನಾವು ಎಣಿಸಿದ್ದೆವು. ಅವರು ಪಾದರಕ್ಷೆ ಕಳಚಿ ಒಳನಡೆದು, ಬಹಳ ಹೊತ್ತು ಕೈಕಟ್ಟಿ ನಿಂತರು. ಹೊರಬಂದ ಮೇಲೆ, ‘ಮಗನನ್ನು ತಂದೆತಾಯಿಯರ ಜೊತೆಯಲ್ಲಿಯೇ ಮಲಗಿಸಿದ್ದಾರೆ. ನಮ್ಮವರಿಗೆ ಗುರುತಿನ ಒಂದು ಕಲ್ಲೂ ಇಲ್ಲ’ ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ದುಃಖವಿತ್ತು. ನಾವು ಸಮಾಧಾನ ಹೇಳಲು ಹೋಗಲಿಲ್ಲ.

ಅದೇ ಗಂಜಾಮಿನಲ್ಲಿ ಅಬ್ಬೆ ದುಬುವಾ ಅವರ ಹೆಸರಿನ ಪುಟ್ಟ ದೇವಾಲಯವಿದೆ. 1765ರಲ್ಲಿ ಫ್ರಾನ್ಸ್‌ನಲ್ಲಿ ಜನಿಸಿದ ಈ ಪ್ಯಾರಿಸ್ ಮಿಷನ್ನಿನ ಗುರುಗಳು, ಕೋಟೆ ಬಿದ್ದ ನಂತರ ಇಲ್ಲಿಗೆ ಬಂದು ಚದುರಿಹೋಗಿದ್ದ ಮಂದೆಯನ್ನು ಒಟ್ಟುಗೂಡಿಸಿದರು. ಈ ನೆಲದ ಉಡುಪು ತೊಟ್ಟು, ಮಾಂಸಾಹಾರವನ್ನು ತೊರೆದು ಜನರ ನಡುವೆ ಬಾಳಿದರು. ನಮ್ಮ ಜನರ ಆಚಾರ ವಿಚಾರಗಳನ್ನು ಕುರಿತ ಅವರ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಸಿಡುಬು ಊರೂರನ್ನೇ ಬರಿದು ಮಾಡುತ್ತಿದ್ದಾಗ, 1803–04ರಲ್ಲಿ, ಮೈಸೂರು ಸೀಮೆಯಲ್ಲಿ ಸುಮಾರು 25,000 ಜನರಿಗೆ ದೇವಿ ಹಾಕಿಸಿದರು. ಅಂದು ಲಸಿಕೆಯೆಂದರೆ ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಸಾಗಿಸಬೇಕಾದದ್ದು. ಜನ ನಂಬಿ ತೋಳು ಚಾಚದೆ ಅದು ಸಾಧ್ಯವಿರಲಿಲ್ಲ. 1823ರಲ್ಲಿ ಅವರು ತಾಯ್ನಾಡಿಗೆ ಮರಳಿದಾಗ, ಈ ದೇಶದಲ್ಲಿ ಧರ್ಮಪ್ರಚಾರ ಫಲಿಸದೆಂಬ ನಿರಾಶೆಯನ್ನು ಬಹಿರಂಗವಾಗಿಯೇ ಬರೆದರು. ತಾವು ಸೋತೆವೆಂದೇ ಅವರು ತಿಳಿದಿರಬಹುದು. ಆದರೆ ಅವರು ಉಳಿಸಿದ ಜೀವಗಳ ಲೆಕ್ಕ ಆ ನಿರಾಶೆಗಿಂತ ದೊಡ್ಡದಲ್ಲವೇ? ಗಾಯಗೊಂಡ ಸಮುದಾಯವೊಂದನ್ನು ಸಂತೈಸಲು ಬಂದವರು ಜಾತಿಮತ ನೋಡದೆ ಊರಿನವರಿಗೆಲ್ಲ ಮದ್ದು ಹಂಚಿದರು. ಹಿರಿಯರು ಅಲ್ಲಿ ಮೊಣಕಾಲೂರಿ, ಅಳಿದವರ ಹೆಸರಿನಲ್ಲಿ ಒಂದು ಜಪಸರವನ್ನು ಪೂರೈಸಿದರು.

ಮಧ್ಯಾಹ್ನದ ಹೊತ್ತಿಗೆ ಮೈಸೂರು ಸೇರಿದೆವು. ಅಶೋಕ ರಸ್ತೆಯಲ್ಲಿ ದೂರದಿಂದಲೇ ಕಾಣುವ, 175 ಅಡಿ ಎತ್ತರದ ಜೋಡಿ ಗೋಪುರಗಳ ಸಂತ ಫಿಲೋಮಿನಾ ಮಹಾದೇವಾಲಯಕ್ಕೆ ಪೀಠಿಕೆ ಬೇಕಿಲ್ಲ. ಆದರೆ ಅದರ ಹಿನ್ನೆಲೆ ಹಲವರಿಗೆ ತಿಳಿಯದು. ಇದೇ ಸ್ಥಳದಲ್ಲಿ 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಒಂದು ದೇವಾಲಯವನ್ನು ಕಟ್ಟಿಸಿದ್ದರು. 1926ರಲ್ಲಿ ಮಹಾರಾಜರ ಕಾರ್ಯದರ್ಶಿಗಳಾಗಿದ್ದ ತಂಬುಚೆಟ್ಟಿಯವರು ಸಂತಳ ಪವಿತ್ರ ಅವಶೇಷವನ್ನು ತರಿಸಿದರು. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರೇ ಈಗಿನ ದೇವಾಲಯಕ್ಕೆ ಅಡಿಗಲ್ಲನ್ನಿಟ್ಟರು. ಚಾಮುಂಡಿಯ ಭಕ್ತರಾದ ಅರಸರು ಏಸುವಿನ ಆಲಯಕ್ಕೆ ಅಡಿಗಲ್ಲಿಟ್ಟ ನಾಡು ಇದು. ಅರ್ಧಶತಮಾನ ಮೀರಿ ಹಿಂದೆ, 1961ರಲ್ಲಿ, ರೋಮ್ ಸಂತಳ ಹಬ್ಬವನ್ನು ಪೂಜಾ ಪಂಚಾಂಗದಿಂದ ತೆಗೆದರೂ ಇಲ್ಲಿನ ಭಕ್ತಿ ಕುಂದಿಲ್ಲ. ಪೀಠದ ಕೆಳಗಿನ ನೆಲಮಾಳಿಗೆಯಲ್ಲಿ ಪವಡಿಸಿರುವ ಸಂತಳ ಪ್ರತಿಮೆಯ ಮುಂದೆ ಕುಂಕುಮವಿಟ್ಟ ತಾಯಂದಿರೂ, ಬುರ್ಖಾ ತೊಟ್ಟ ಸೋದರಿಯರೂ ನಮ್ಮೊಡನೆ ಸಾಲಿನಲ್ಲಿದ್ದರು. ಹಿರಿಯರ ಮುಂದಿದ್ದ ಬುರ್ಖಾದ ಹೆಂಗಸು ತನ್ನ ಮಗುವನ್ನೆತ್ತಿ ತೋರಿಸಲು ಕಷ್ಟಪಡುತ್ತಿದ್ದಳು. ಹಿರಿಯರು ಕೈಚಾಚಿದರು, ಆಕೆ ಸಂಕೋಚವಿಲ್ಲದೆ ಮಗುವನ್ನು ಕೊಟ್ಟಳು.

ಹೊರಗಿನ ಮೆಟ್ಟಿಲ ಮೇಲೆ ಕುಳಿತಾಗ ಹಿರಿಯರು ತಾವಾಗಿಯೇ ಹೇಳಿದರು: ‘ಮಗುವಿಗೆ ಎಲ್ಲವನ್ನೂ ಹೇಳುತ್ತೇನೆ. ಸೆರೆಯನ್ನೂ ಹೇಳುತ್ತೇನೆ, ದೇವಿ ಹಾಕಿಸಿದ್ದನ್ನೂ ಹೇಳುತ್ತೇನೆ, ಅರಸರ ಅಡಿಗಲ್ಲನ್ನೂ ಹೇಳುತ್ತೇನೆ. ಅರ್ಧ ಹೇಳಿದರೆ ತಾನೇ ವಿಷ?’

ಪ್ರಿಯ ಓದುಗರೇ, ನಮ್ಮ ಮನೆಗಳಲ್ಲಿ ಹಳೆಯ ನೋವುಗಳನ್ನು ಹೇಳುವವರಿದ್ದಾರೆ, ಮುಚ್ಚಿಡುವವರೂ ಇದ್ದಾರೆ. ಮರೆತುಬಿಡುವುದು ಕ್ಷಮೆಯಲ್ಲ, ಏನಾಯಿತೆಂದು ತಿಳಿದೂ ಕೇಡು ಬಯಸದಿರುವುದೇ ಕ್ಷಮೆ. ಮುಂದಿನ ತಪಸ್ಸು ಕಾಲದಲ್ಲಿ ಒಂದು ಶನಿವಾರವನ್ನು ಇದಕ್ಕಾಗಿ ಮೀಸಲಿಡಿ. ಮಕ್ಕಳನ್ನು ಕರೆದುಕೊಂಡು ಮೈಸೂರಿಗೆ ಹೋಗಿ. ಹೋಗುವಾಗ ಗಂಜಾಮಿನಲ್ಲಿ ಇಳಿಯಿರಿ. ಬುತ್ತಿ ಕಟ್ಟಿಕೊಂಡರೆ ಖರ್ಚೂ ಹೆಚ್ಚಿಲ್ಲ.