ಏಳು ಗಂಟೆಯ ಸೈರನ್

ಕಾಲವನ್ನು ಕದಿಯುವ ಚೋರರು ಎಲ್ಲ ಯುಗಗಳಲ್ಲಿಯೂ ಇದ್ದರು. ಜಗುಲಿಯ ಹರಟೆ, ಇಸ್ಪೀಟಿನ ಎಲೆ, ಹೋಟೆಲಿನ ಮೂಲೆಯ ಮೇಜು, ರೇಡಿಯೋದ ಕ್ರಿಕೆಟ್ ವಿವರಣೆ, ಇವೆಲ್ಲವೂ ಗೃಹಸ್ಥನ ಗಂಟೆಗಳನ್ನು ನುಂಗಿ ನೀರು ಕುಡಿದವುಗಳೇ. ಆದರೆ ಅವಕ್ಕೆಲ್ಲ ಒಂದು ಮುಗಿತಾಯವಿತ್ತು. ಆಟ ಮುಗಿಯುತ್ತಿತ್ತು, ಹೋಟೆಲಿನವನು ದೀಪ ಆರಿಸುತ್ತಿದ್ದನು, ಒಳಗಿನಿಂದ ‘ಎಲೆ ಹಾಕಿದೆ, ಏಳಿ’ ಎಂಬ ಕರೆ ಬರುತ್ತಿತ್ತು. ವಾರಪತ್ರಿಕೆಯ ಧಾರಾವಾಹಿ ಕೂಡ, ನಾಯಕಿಯನ್ನು ಎಂತಹ ಸಂಕಟದ ಅಂಚಿನಲ್ಲಿ ನಿಲ್ಲಿಸಿದರೂ, ‘ಮುಂದುವರಿಯುವುದು’ ಎಂದು ಹೇಳಿ ಓದುಗರನ್ನು ಅವರ ಪಾಡಿಗೆ ಬಿಟ್ಟುಬಿಡುತ್ತದೆ.

ನಮ್ಮ ಕಾಲದ ಹೊಸ ಚೋರನಿಗೆ ಮಾತ್ರ ಮುಗಿತಾಯವೆಂಬುದೇ ಇಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಎಂದು ನಾನಾ ಹೆಸರುಗಳಿಂದ ಅಂಗೈಯಲ್ಲಿಯೇ ಬಿಡಾರ ಹೂಡಿರುವ ಸಾಮಾಜಿಕ ಜಾಲತಾಣಗಳ ಮಾತು ಇದು. ‘ಇನ್ನು ಐದೇ ನಿಮಿಷ’ ಎಂದು ಕುಳಿತವರು ತಲೆಯೆತ್ತುವಾಗ ಒಲೆಯ ಮೇಲಿನ ಹಾಲು ಉಕ್ಕಿ ಹೋಗಿರುತ್ತದೆ, ಮಗುವಿನ ಪಾಠ ಹಾಗೆಯೇ ಉಳಿದಿರುತ್ತದೆ. ಇದನ್ನು ಮನೋದೌರ್ಬಲ್ಯವೆಂದು ನಾವು ನಮ್ಮನ್ನೇ ಹಳಿದುಕೊಳ್ಳುತ್ತೇವೆ. ವಿಷಯ ಅಷ್ಟು ಸರಳವಲ್ಲ.

ತುದಿಯಿಲ್ಲದ ಹಾಳೆ

ಮೊದಲು ಅಂತರ್ಜಾಲದ ಪುಟಗಳಿಗೂ ಒಂದು ತಳವಿತ್ತು. ಅದನ್ನು ಮುಟ್ಟಿದವರು ಮುಂದಿನ ಪುಟಕ್ಕೆ ಹೋಗಬೇಕಾದರೆ ಬೆರಳಿನಿಂದ ಒತ್ತಬೇಕಾಗಿತ್ತು. ಆ ಒಂದು ಕ್ಷಣದಲ್ಲಿ ‘ಸಾಕು’ ಎನ್ನುವ ಅವಕಾಶ ಬುದ್ಧಿಗೆ ದೊರೆಯುತ್ತಿತ್ತು. 2006ರಲ್ಲಿ ಅಮೆರಿಕದ ವಿನ್ಯಾಸಕಾರ ಏಜಾ ರಾಸ್ಕಿನ್ ಎಂಬುವರು, ಜಾರಿಸಿದಷ್ಟೂ ತಾನೇ ತಾನಾಗಿ ಬೆಳೆಯುವ ಪುಟದ ಉಪಾಯವನ್ನು ರಚಿಸಿದರು. ತಮ್ಮ ಉಪಾಯದ ಫಲವನ್ನು ಕಂಡು ಮುಂದೆ ಅವರೇ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. 2009ರ ಫೆಬ್ರವರಿಯಲ್ಲಿ ಫೇಸ್‌ಬುಕ್ಕಿಗೆ ‘ಲೈಕ್’ ಗುಂಡಿ ಬಂದಿತು. ನಾಲ್ಕು ಜನರ ಮೆಚ್ಚುಗೆ ಎಣಿಸಬಹುದಾದ ಅಂಕಿಯಾಯಿತು.

ಇದರ ಹಿಂದಿನ ಮರ್ಮವನ್ನು ಮನಶ್ಶಾಸ್ತ್ರ ಬಹಳ ಹಿಂದೆಯೇ ಅರಿತಿತ್ತು. ಬಿ. ಎಫ್. ಸ್ಕಿನ್ನರ್ ಅವರು ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳು ಪ್ರಸಿದ್ಧವಾದವು. ಕುಕ್ಕಿದ ಪ್ರತಿ ಸಲವೂ ಕಾಳು ಸಿಕ್ಕರೆ ಹಕ್ಕಿ ಸಮಾಧಾನದಿಂದಿರುತ್ತದೆ. ಯಾವ ಕುಕ್ಕಿಗೆ ಕಾಳು ಬೀಳುವುದೆಂಬುದು ತಿಳಿಯದಿದ್ದರೆ ಎಡೆಬಿಡದೆ ಕುಕ್ಕುತ್ತಲೇ ಇರುತ್ತದೆ. ಜೂಜುಕಟ್ಟೆಯ ಯಂತ್ರ ನಡೆಯುವುದು ಈ ಸೂತ್ರದಿಂದಲೇ. ಮೊಬೈಲನ್ನು ಗಳಿಗೆಗೊಮ್ಮೆ ತೆರೆದು ನೋಡುವ ನಮ್ಮ ಬೆರಳಿಗೂ ಆ ಹಕ್ಕಿಯ ಕೊಕ್ಕಿಗೂ ಬಹಳ ಅಂತರವಿಲ್ಲ.

ಕಳೆದುಹೋದದ್ದೇನು?

ಕಳೆದುಹೋದದ್ದು ಬರಿಯ ಸಮಯವಲ್ಲ, ಗಮನ. ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1971ರಷ್ಟು ಹಿಂದೆಯೇ ಎಚ್ಚರಿಸಿದ್ದರು: ಮಾಹಿತಿಯ ಸಮೃದ್ಧಿ ಹೆಚ್ಚಿದಂತೆಲ್ಲ ಗಮನದ ಬಡತನವೂ ಹೆಚ್ಚುತ್ತದೆಂಬುದು ಅವರ ಮಾತಿನ ತಾತ್ಪರ್ಯ. 2009ರಲ್ಲಿ ಸೋಫಿ ಲೆರಾಯ್ ಎಂಬ ಸಂಶೋಧಕಿ ಇನ್ನೊಂದು ಸಂಗತಿಯನ್ನು ತೋರಿಸಿದರು. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಮತ್ತೊಂದಕ್ಕೆ ಕೈಹಾಕಿದಾಗ, ಗಮನದ ಒಂದಂಶ ಹಿಂದಿನದಕ್ಕೇ ಅಂಟಿಕೊಂಡಿರುತ್ತದೆ. ತೊಳೆಯದ ಪಾತ್ರೆಯಲ್ಲಿ ಕಾಫಿ ಬೆರೆಸಿದಂತೆ, ಹಿಂದಿನದರ ಕಮಟು ಮುಂದಿನದಕ್ಕೂ ತಗಲುತ್ತದೆ.

ಹಳಗನ್ನಡವನ್ನು ಬೋಧಿಸುವವರಿಗೆ ಇದರ ಅನುಭವ ನಿತ್ಯದ್ದು. ಚಂಪೂಕಾವ್ಯದ ಪದ್ಯವೊಂದರಲ್ಲಿ ಕರ್ತೃಪದ ಮೊದಲ ಸಾಲಿನಲ್ಲಿದ್ದರೆ ಕ್ರಿಯಾಪದ ನಾಲ್ಕನೆಯ ಸಾಲಿನಲ್ಲಿರಬಹುದು. ನಡುವಣ ವಿಶೇಷಣಗಳನ್ನೆಲ್ಲ ಮನಸ್ಸಿನಲ್ಲಿ ಹಿಡಿದುಕೊಂಡು ನಡೆದವನಿಗೆ ಮಾತ್ರ ಅನ್ವಯ ದಕ್ಕುತ್ತದೆ, ಅರ್ಥ ಬೆಳಗುತ್ತದೆ. ಎರಡನೆಯ ಸಾಲಿನಲ್ಲಿ ಜೇಬಿನೊಳಗೆ ‘ಟಿಣ್’ ಎಂದಿತೋ, ಮತ್ತೆ ಮೊದಲಿನಿಂದಲೇ ಆರಂಭ. ಲೆಕ್ಕ ಬಿಡಿಸುವ ಹುಡುಗಿಗೂ, ಕಡತ ನೋಡುವ ಗುಮಾಸ್ತನಿಗೂ, ಹೆಂಡತಿಯ ಮಾತನ್ನು ಕೇಳುತ್ತಿರುವ ಗಂಡನಿಗೂ ಈ ಮಾತು ಸಮಾನವಾಗಿ ಸಲ್ಲುತ್ತದೆ.

ಬಿಟ್ಟವರು ಕಂಡದ್ದು

ಜಾಲತಾಣವನ್ನು ಬಿಟ್ಟರೆ ನಿಜಕ್ಕೂ ನೆಮ್ಮದಿಯುಂಟೆ? 2018ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿದರು. ಹಂಟ್ ಆಲ್ಕಾಟ್ ಮತ್ತು ಸಂಗಡಿಗರು ಕೆಲವರಿಗೆ ಹಣ ಕೊಟ್ಟು, ನಾಲ್ಕು ವಾರಗಳ ಕಾಲ ಫೇಸ್‌ಬುಕ್ಕಿನಿಂದ ದೂರವಿರಿಸಿದರು. ಅವರಿಗೆ ದಿನಕ್ಕೆ ಸುಮಾರು ಒಂದು ಗಂಟೆ ಮಿಗುವಾಯಿತು. ಆ ಗಂಟೆಯಲ್ಲಿ ಕೆಲವು ಪಾಲು ಟೆಲಿವಿಷನ್ನಿಗೆ ಹೋಯಿತು. ಕೆಲವು ಪಾಲು ಮನೆಯವರಿಗೂ ಸ್ನೇಹಿತರಿಗೂ ದೊರೆಯಿತು. ದೇಶದ ಸುದ್ದಿಯ ತಿಳಿವಳಿಕೆ ತುಸು ಕಡಿಮೆಯಾಯಿತು. ರಾಜಕೀಯ ಧ್ರುವೀಕರಣವೂ ತಗ್ಗಿತು. ಮನಸ್ಸಿನ ನೆಮ್ಮದಿ ಹೆಚ್ಚಿತು, ಆದರೆ ಅಲ್ಪವಾಗಿ. ಪ್ರಯೋಗ ಮುಗಿದ ಮೇಲೆ ಕೂಡ ಅವರಲ್ಲಿ ಅನೇಕರು ಮೊದಲಿನಷ್ಟು ಅದರ ಗೊಡವೆಗೆ ಹೋಗಲಿಲ್ಲವೆಂಬುದು ಗಮನಾರ್ಹ.

‘ಅಲ್ಪವಾಗಿ’ ಎಂಬ ಮಾತನ್ನು ಮರೆಯಬಾರದು. ಬಿಟ್ಟ ಮರುದಿನವೇ ಯಾರೂ ಋಷಿಗಳಾಗುವುದಿಲ್ಲ. ಖಾಲಿಯಾದ ಗಂಟೆಯನ್ನು ಯಾವುದರಿಂದ ತುಂಬುತ್ತೇವೆ ಎಂಬುದರ ಮೇಲೆಯೇ ಉಳಿದ ಲಾಭವೆಲ್ಲ ನಿಂತಿದೆ.

ಒಂದು ಊರಿನ ನಿರ್ಧಾರ

ಈ ವಿಷಯದಲ್ಲಿ ಪಾಠ ಹೇಳಿದ್ದು ಮಹಾನಗರವಲ್ಲ, ಒಂದು ಹಳ್ಳಿ. ನಮ್ಮ ಬೆಳಗಾವಿ, ವಿಜಯಪುರ ಜಿಲ್ಲೆಗಳಿಗೆ ತಾಗಿಕೊಂಡಿರುವ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ, ಸುಮಾರು 3,000 ಜನರ ಊರಿದೆ. ಕೊರೋನಾ ಕಾಲದಲ್ಲಿ ಪಾಠಕ್ಕೆಂದು ಮಕ್ಕಳ ಕೈಗೆ ಬಂದ ಮೊಬೈಲು, ಶಾಲೆ ತೆರೆದ ಮೇಲೆಯೂ ಕೈ ಬಿಡಲಿಲ್ಲ. ಓದು ಹಿಂದೆ ಬಿದ್ದಿತು. ದೊಡ್ಡವರ ಮಾತುಕತೆಯೂ ನಿಂತಿತು. 2022ರ ಆಗಸ್ಟಿನಲ್ಲಿ, ಸ್ವಾತಂತ್ರ್ಯ ದಿನೋತ್ಸವದ ಮುನ್ನಾದಿನ, ಗ್ರಾಮದ ಸಭೆ ಸೇರಿತು. ಸರಪಂಚರಾದ ವಿಜಯ ಮೋಹಿತೆಯವರ ಸಲಹೆಯಂತೆ ಊರು ಒಂದು ನಿಯಮವನ್ನು ಮಾಡಿಕೊಂಡಿತು. ಸಂಜೆ 7 ಗಂಟೆಗೆ ದೇವಸ್ಥಾನದಿಂದ ಸೈರನ್ ಕೂಗಿದೊಡನೆ ಮೊಬೈಲು, ಟೆಲಿವಿಷನ್ ಎರಡೂ ಬಂದ್, 8.30ಕ್ಕೆ ಎರಡನೆಯ ಸೈರನ್ ಕೂಗುವವರೆಗೆ ಓದು, ಬರಹ, ಮಾತು.

ಈ ನಿಯಮದ ಜಾಣ್ಮೆಯನ್ನು ನೋಡಿರಿ. ಮೊಬೈಲು ಪಾಪವೆಂದು ಅದು ಸಾರಲಿಲ್ಲ. ಯಂತ್ರ ಅಳಿಸಿಹಾಕಿದ್ದ ಮುಗಿತಾಯವನ್ನು ಮರಳಿ ತಂದಿತು, ಅಷ್ಟೆ. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲರೂ ಒಟ್ಟಿಗೆ ಕೆಳಗಿಟ್ಟರು. ಗೆಳೆಯರೆಲ್ಲ ಜಾಲತಾಣದಲ್ಲಿರುವಾಗ ಒಬ್ಬನೇ ಹೊರಗುಳಿದ ಹುಡುಗನಿಗೆ ಅದು ಶಿಕ್ಷೆ. ಊರಿಗೆ ಊರೇ ಹೊರಬಂದಾಗ ಅದು ಆಟ.

ಮನೆಗೊಂದು ಸೈರನ್

ಪಟ್ಟಣದ ಬಡಾವಣೆಗಳಲ್ಲಿ ಯಾರೂ ಸೈರನ್ ಕೂಗಿಸಲಾರರು. ಆದರೆ ಮನೆಯೂ ಒಂದು ಪುಟ್ಟ ಊರೇ ಅಲ್ಲವೆ? ದೇವರ ಮುಂದೆ ದೀಪ ಹಚ್ಚುವ ಹೊತ್ತಿನಿಂದ ಊಟ ಮುಗಿಯುವವರೆಗೆ ಎಲ್ಲರ ಮೊಬೈಲೂ ಒಂದೇ ಕಪಾಟಿನಲ್ಲಿ ಮಲಗಲಿ. ಮೊದಲು ಇಡಬೇಕಾದವರು ಅಪ್ಪ, ಅಮ್ಮ. ತಮ್ಮ ಕೈಯಲ್ಲಿ ಹಿಡಿದುಕೊಂಡೇ ‘ಓದಿಕೋ ಹೋಗು’ ಎನ್ನುವ ಹಿರಿಯರ ಮಾತಿಗೆ ಕಾಸಿನ ಬೆಲೆಯೂ ಇರದು. ಮಲಗುವ ಕೋಣೆಗೆ ಅದರ ಪ್ರವೇಶ ಬೇಡ; ನಿದ್ದೆಯಿಂದೆಬ್ಬಿಸಲು ಹಳೆಯ ಅಲಾರಂ ಗಡಿಯಾರ ಸಾಕು. ಕ್ಷಣಕ್ಷಣಕ್ಕೂ ಕೂಗುವ ಸೂಚನೆಗಳ ಸದ್ದನ್ನು ಅಡಗಿಸಿಡಿ.

ದೂರದೇಶದ ಮಗಳ ಮುಖ ಕಾಣುವುದು ಇದರಲ್ಲಿಯೇ ಎಂದು ಕೆಲವರು ಹೇಳಬಹುದು. ಅದು ನಿಜ. ಅದಕ್ಕೂ ಒಂದು ಹೊತ್ತನ್ನು ಗೊತ್ತುಮಾಡಬಹುದು. ಅಂಚೆಯವನು ಹಿಂದೆ ದಿನವಿಡೀ ಬಾಗಿಲು ಬಡಿಯುತ್ತಿರಲಿಲ್ಲ; ಬರುವ ವೇಳೆಗೆ ಬಂದು ಹೋಗುತ್ತಿದ್ದನು, ಕಾಗದಗಳ ಸವಿಯೇನೂ ಅದರಿಂದ ಕುಂದುತ್ತಿರಲಿಲ್ಲ. ಎಷ್ಟು ಯತ್ನಿಸಿದರೂ ಬಿಡಿಸಿಕೊಳ್ಳಲಾಗದಷ್ಟು ಹಿಡಿತ ಬಲವಾಗಿದ್ದರೆ ಸಂಕೋಚ ಬೇಡ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿಯೇ ಇದಕ್ಕಾಗಿ ‘ಶಟ್’ ಎಂಬ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು.

ಮೊದಲ ನಾಲ್ಕಾರು ಸಂಜೆ ಏನು ಮಾತನಾಡಬೇಕೆಂದು ಯಾರಿಗೂ ತೋಚದಿರಬಹುದು. ಬೇಸರವೂ ಆದೀತು. ಆ ಬೇಸರವನ್ನು ಮಕ್ಕಳಿಂದ ಕಸಿದುಕೊಳ್ಳದಿರೋಣ. ಮೂಲೆಯಲ್ಲಿ ಮರೆತಿದ್ದ ಪುಸ್ತಕಕ್ಕೆ, ಅಜ್ಜಿಯ ಕಥೆಗೆ, ಚೌಕಾಬಾರದ ಕವಡೆಗೆ ಅವರ ಕೈ ತಾನಾಗಿ ಚಾಚುವುದು ಅಂತಹ ಹೊತ್ತಿನಲ್ಲಿಯೇ.